ರೊಟೊರುವಾದ ಬಿಸಿನೀರಲ್ಲಿ ಮಕ್ಕಳಿಗೆ ಮುಳುಗು ಹಾಕಿಸಬೇಡಿ

ಮಗಳೋ ಮಗನೋ ಆಕ್ಲೆಂಡ್‌ನಲ್ಲಿದ್ದರೆ ಬೇಸಿಗೆ ರಜೆಗೆ ಬಳ್ಳಾರಿಯಿಂದ ಅಜ್ಜ, ಅಜ್ಜಿ, ಚಿಳ್ಳೆಪಿಳ್ಳೆ ಎಲ್ಲ ಸೇರಿ ನ್ಯೂಜಿಲೆಂಡ್‌ಗೆ ಹೊರಡುವುದು ಈಗ ಹೊಸದೇನಲ್ಲ. ಹೋದಮೇಲೆ ರೊಟೊರುವಾ ನೋಡದೆ ಬರುವುದೂ ಇಲ್ಲ. ಆಕ್ಲೆಂಡ್‌ನಿಂದ ಸುಮಾರು 230 ಕಿ.ಮೀ., ಕಾರಿನಲ್ಲಿ ಮೂರು ತಾಸು. ಊರ ನಡುವೆಯೇ ನೆಲದಿಂದ ಆವಿ ಏಳುತ್ತದೆ, ಕೆಸರು ಕೊತಕೊತ ಕುದಿಯುತ್ತದೆ. ಇದನ್ನು ಕಂಡ ಕೂಡಲೇ ನಮ್ಮ ಹಿರಿಯರ ಬಾಯಲ್ಲಿ ಬರುವುದು ಒಂದೇ ಮಾತು: ದೇವರೇ ಕಾಯಿಸಿಟ್ಟ ನೀರು, ಹುಡುಗರಿಗೆ ಮೂರು ಮುಳುಗು ಹಾಕಿಸಿಬಿಡೋಣ. ನನ್ನ ತಕರಾರು ಇರುವುದು ಇಲ್ಲೇ.

ಕಂಪ್ಲಿಯಲ್ಲೋ ಹಂಪಿಯಲ್ಲೋ ತುಂಗಭದ್ರೆಗೆ ಇಳಿದಾಗ ಮೂಗು ಹಿಡಿದು ಮುಳುಗೇಳುವುದು, ಮಗುವಿನ ನೆತ್ತಿಗೆ ಚೊಂಬಿನಿಂದ ನೀರು ಸುರಿಯುವುದು ನಮಗೆ ರೂಢಿ. ಅದೇ ರೂಢಿ ರೊಟೊರುವಾದಲ್ಲಿ ಜೀವಕ್ಕೆ ಮುಳುವಾಗಬಹುದು. ಶುದ್ಧೀಕರಿಸದ ಬೆಚ್ಚನೆಯ ಸಿಹಿನೀರಿನಲ್ಲಿ, ಅದರ ಅಂಚಿನ ಮಣ್ಣಿನಲ್ಲಿ ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಇರಬಹುದು. ಕೇರಳದಲ್ಲಿ ಮಕ್ಕಳು ತೀರಿಕೊಂಡಾಗ ಪೇಪರಿನವರು ‘ಮೆದುಳು ತಿನ್ನುವ ಅಮೀಬಾ’ ಎಂದು ಬರೆದದ್ದು ಇದನ್ನೇ. ನೀರು ಕುಡಿದರೆ ಈ ರೋಗ ಬರುವುದಿಲ್ಲ. ಮೂಗಿನೊಳಗೆ ಏರಿದರೆ ಮಾತ್ರ, ವಾಸನೆಯ ನರದ ಗುಂಟ ಅದು ಮೆದುಳಿಗೆ ಹೋಗುತ್ತದೆ. ಬರುವುದು ಬಹಳ ಅಪರೂಪ, ಬಂದರೆ ಉಳಿಯುವುದು ಅದಕ್ಕಿಂತ ಅಪರೂಪ. ಅದಕ್ಕೇ ಅಲ್ಲಿನ ಬಿಸಿನೀರಿನ ಜಾಗಗಳಲ್ಲಿ ‘ತಲೆ ನೀರಿನೊಳಗೆ ಹಾಕಬೇಡಿ’ ಎಂದು ಫಲಕ ಹಾಕಿರುತ್ತಾರೆ. ಅದು ಈಜು ಬಾರದವರಿಗೆ ಹೇಳಿದ್ದು ಅಂದುಕೊಂಡು ಮುಂದೆ ಹೋಗಬೇಡಿ.

ಹಾಗಾದರೆ ನೀರಿಗೆ ಇಳಿಯುವುದೇ ಬೇಡವೇ? ಇಳಿಯಿರಿ, ಎದೆಮಟ್ಟಕ್ಕೆ ಸಾಕು. ತೊಂದರೆ ಏನೆಂದರೆ, ನಾಲ್ಕು ವರ್ಷದ ಹುಡುಗನಿಗೆ ‘ತಲೆ ಮುಳುಗಿಸಬೇಡ’ ಅಂದರೆ ಅದನ್ನೇ ಮೊದಲು ಮಾಡುತ್ತಾನೆ. ಪಕ್ಕದಲ್ಲಿ ಇನ್ನೊಂದು ಹುಡುಗಿ ನೀರು ಎರಚಿದರೂ ಮೂಗಿಗೇ ಹೋಗುವುದು. ಆದ್ದರಿಂದ ಮಾತು ಕೇಳುವ ವಯಸ್ಸು ಬರುವ ತನಕ ಖನಿಜ ನೀರಿನ ಕೊಳ ದೊಡ್ಡವರಿಗೇ ಇರಲಿ. ಮಕ್ಕಳನ್ನು ಕ್ಲೋರಿನ್ ಹಾಕಿದ, ಬೆಚ್ಚಗಿನ ಸಾರ್ವಜನಿಕ ಈಜುಕೊಳಕ್ಕೆ ಒಯ್ಯಿರಿ. ಅಲ್ಲಿ ಮುಳುಗಲಿ, ಏಳಲಿ, ಅರಚಲಿ. ಕೆರೋಸಿನ್ ಕ್ರೀಕ್ ಎಂಬ ಬಿಸಿ ಹಳ್ಳ ಪುಕ್ಕಟೆ ಅಂತ ವಿಡಿಯೋ ನೋಡಿ ಓಡುವವರಿದ್ದಾರೆ. ಅದು ಮಣ್ಣಿನ ತಳದ ಹರಿಯುವ ಹಳ್ಳ. ಕೂಸುಗಳಿಗೆ ನಾನಂತೂ ಬೇಡ ಅನ್ನುತ್ತೇನೆ.

ಬಿಸಿಯ ಲೆಕ್ಕವೂ ಬೇರೆ. ಎಣ್ಣೆ ಹಚ್ಚಿ ಸುಡುಸುಡು ನೀರು ಎರೆದು ಬೆಳೆಸಿದವರಿಗೆ 40 ಡಿಗ್ರಿ ಏನೂ ಅನ್ನಿಸುವುದಿಲ್ಲ. ಆದರೆ ಎರೆಯುವ ನೀರು ಮೈಮೇಲೆ ಹರಿದು ಹೋಗುತ್ತದೆ, ಕೊಳದ ನೀರು ಸುತ್ತ ನಿಂತು ಕಾಯಿಸುತ್ತಲೇ ಇರುತ್ತದೆ. ಸಣ್ಣ ಮೈ ಬೇಗ ಕಾಯುತ್ತದೆ, ಕತ್ತಿನ ತನಕ ನೀರಲ್ಲಿದ್ದರೆ ಬೆವರಿದರೂ ಆರುವುದಿಲ್ಲ. ಮಕ್ಕಳಿಗೆ 37–38 ಡಿಗ್ರಿ ಮೀರದ ನೀರು, ಹತ್ತು ನಿಮಿಷ, ಆಮೇಲೆ ಹೊರಗೆ ಕೂರಿಸಿ ಕುಡಿಯಲು ನೀರು. ಮುಖ ಕೆಂಪಾಗಿ ಮಗು ಸುಮ್ಮನಾಯಿತು ಅಂದರೆ ಅದು ಸುಖಕ್ಕಲ್ಲ, ಕೂಡಲೇ ಎತ್ತಿಕೊಳ್ಳಿ. ನಮ್ಮ ಮೇ ತಿಂಗಳು ಅಲ್ಲಿ ಚಳಿಗಾಲದ ಹೊಸ್ತಿಲು, ಬೆಳಗ್ಗೆ 5–6 ಡಿಗ್ರಿಗೆ ಇಳಿಯುವುದುಂಟು. ಟವೆಲ್ಲು, ಕುಲಾವಿ ಕೊಳದ ಅಂಚಿನಲ್ಲೇ ಇರಲಿ, ಕಾರಿನಲ್ಲಲ್ಲ. ಅಂದಹಾಗೆ, ದೊಡ್ಡ ರೊಟೊರುವಾ ಕೆರೆಯ ನೀರು ಬಿಸಿಯಲ್ಲ. ದಂಡೆಯ ಕೆಲವು ಕಡೆ ಬಿಟ್ಟರೆ ತಣ್ಣಗೆ ಕೊರೆಯುತ್ತದೆ.

ಇನ್ನು ಸುತ್ತಾಟ. ಟಿಕೆಟ್ಟಿನ ಜಾಗ ಒಂದು ಸಾಕು. ಎಲ್ಲ ಕಡೆ ಆವಿ, ಕೆಸರು, ಬಣ್ಣದ ನೀರು. ಎರಡನೆಯದರ ಹೊತ್ತಿಗೆ ಮಕ್ಕಳಿಗೆ ಐಸ್‌ಕ್ರೀಮ್ ಒಂದೇ ನೆನಪಿರುತ್ತದೆ. ದಕ್ಷಿಣಕ್ಕೆ ಅರ್ಧ ತಾಸಿನ ದಾರಿಯಲ್ಲಿರುವ ವೈ-ಒ-ಟಾಪು ಎಂಬ ಬಿಸಿನೀರಿನ ತಾಣದಲ್ಲಿ ಲೇಡಿ ನಾಕ್ಸ್ ಬುಗ್ಗೆಯನ್ನು ದಿನಾ ಬೆಳಗ್ಗೆ 10:15ಕ್ಕೆ ಸೋಪು ಹಾಕಿ ಚಿಮ್ಮಿಸುತ್ತಾರೆ. ಸೋಪು ನೀರಿನ ಮೇಲ್ಮೈ ಬಿಗಿತ ತಗ್ಗಿಸುತ್ತದೆ, ಅಡಿಯಲ್ಲಿ ಒತ್ತಡಕ್ಕೆ ಸಿಕ್ಕ ಬಿಸಿನೀರು ನುಗ್ಗಿ ಬರುತ್ತದೆ. ಚೆನ್ನಾಗಿದೆ. ಆದರೆ ಮೇ ತಿಂಗಳಲ್ಲಿ ಅಲ್ಲಿನ ಗಡಿಯಾರ ನಮಗಿಂತ ಆರೂವರೆ ತಾಸು ಮುಂದೆ. ಅಲ್ಲಿನ 10:15 ಅಂದರೆ ನಿಮ್ಮ ಮಗುವಿನ ಮೈಗೆ ಬಳ್ಳಾರಿಯ ನಸುಕಿನ 3:45. ವಿಮಾನ ಇಳಿದ ಎರಡು ಮೂರು ದಿನದೊಳಗೆ ಇದನ್ನು ಇಟ್ಟುಕೊಂಡರೆ ನೀವು ನೋಡುವುದು ಬುಗ್ಗೆಯನ್ನಲ್ಲ, ಹೆಗಲ ಮೇಲೆ ಅಳುವ ಕೂಸನ್ನು. ಮೊದಲ ದಿನಗಳಿಗೆ ರೊಟೊರುವಾದಲ್ಲೇ ಇರುವ ವಾಕರೆವಾರೆವಾ ಕಡೆಯ ಪೊಹುಟು ಬುಗ್ಗೆ ವಾಸಿ. ಅದು ತಾಸಿಗೆ ಒಂದೆರಡು ಸಲ ತಾನಾಗಿ 30 ಮೀಟರ್ ತನಕ ಚಿಮ್ಮುತ್ತದೆ, ನಿದ್ದೆ ಮುಗಿಸಿ ಮಧ್ಯಾಹ್ನ ಹೋದರೂ ನಡೆಯುತ್ತದೆ.

ಈ ಪೊಹುಟುವಿನ ಕಥೆ ನಮ್ಮ ಬೋರ್‌ವೆಲ್ ಕಥೆಯೇ. ಮನೆ, ಹೋಟೆಲ್ಲು ಬೆಚ್ಚಗಿಡಲು ಊರವರೆಲ್ಲ ಬೋರ್ ಕೊರೆದು ಬಿಸಿನೀರು ಎಳೆದಾಗ ಬುಗ್ಗೆಗಳ ಒತ್ತಡ ಬಿತ್ತು. 1986ರಲ್ಲಿ ಸರ್ಕಾರ ಪೊಹುಟುವಿನಿಂದ 1.5 ಕಿ.ಮೀ. ಒಳಗಿನ ಬೋರ್‌ಗಳನ್ನು ಮುಚ್ಚಿಸುವ ತೀರ್ಮಾನ ಮಾಡಿತು. ಗಲಾಟೆ ಆಯಿತು, ಆದರೂ ಮುಚ್ಚಿಸಿದರು, ಒತ್ತಡ ಮರಳಿ ಬಂತು. ನಮ್ಮ ಕಡೆ ಹೀಗೆ ಯಾರಾದರೂ ಮುಚ್ಚಿಸುವುದನ್ನು ಊಹಿಸಿಕೊಳ್ಳಿ.

ನಡೆಯುವಾಗ ಬೇಲಿ ದಾಟಬಾರದು, ಫೋಟೋಗೂ ದಾಟಬಾರದು. ನೆಲ ಗಟ್ಟಿ ಕಾಣುತ್ತದೆ, ಅಡಿಯಲ್ಲಿ ತೆಳು ಪದರ, ಅದರ ಕೆಳಗೆ ಕುದಿನೀರು. ವೈ-ಒ-ಟಾಪುವಿನ ಶಾಂಪೇನ್ ಪೂಲ್ 74 ಡಿಗ್ರಿಯ ಆಸುಪಾಸು ಇರುತ್ತದೆ, ಅದರ ಚೆಂದದ ಕಿತ್ತಳೆ ಅಂಚಿನಲ್ಲಿ ಆರ್ಸೆನಿಕ್ ಮತ್ತು ಆಂಟಿಮನಿ ಇದೆ. ಓಡುವ ವಯಸ್ಸಿನ ಮಗುವಿಗೆ ಒಬ್ಬ ದೊಡ್ಡವರು, ಕೈಗೆ ಕೈ. ಆ ಹೊತ್ತಿಗೆ ಕೈಯಲ್ಲಿ ಮೊಬೈಲ್ ಬೇಡ. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ ಪೂರ್ತಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು ಏನೂ ಹಚ್ಚಬೇಡಿ. ತುರ್ತು ನಂಬರ್ 111. ಅಪಘಾತದ ಗಾಯಕ್ಕೆ ಅಲ್ಲಿನ ಸರ್ಕಾರದ ಅಪಘಾತ ಪರಿಹಾರ ವ್ಯವಸ್ಥೆ ಎಸಿಸಿ ಪ್ರವಾಸಿಗರಿಗೂ ನೆರವಾಗುತ್ತದೆ. ಜ್ವರ, ನೆಗಡಿಗೆ ಆಗುವುದಿಲ್ಲ, ಅದಕ್ಕೆ ಇನ್ಶೂರೆನ್ಸ್ ಬೇಕು.

ದುಡ್ಡಿಲ್ಲದೆ ದಿನ ತುಂಬಿಸಲು ಕುಯಿರಾವು ಪಾರ್ಕ್ ಇದೆ. ಬೇಲಿಯೊಳಗೆ ಕುದಿಯುವ ಕೆಸರು, ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂರುವ ಬಿಸಿನೀರಿನ ತೊಟ್ಟಿ. ತಳ್ಳುಗಾಡಿಯಲ್ಲಿ ಕೂಸನ್ನು ಕೂರಿಸಿಕೊಂಡು ಹೋಗಲು ರೆಡ್‌ವುಡ್ ಕಾಡಿದೆ, 1901ರಲ್ಲಿ ನೆಟ್ಟ ಮರಗಳು, ಕೆಳಗೆ ನಡೆಯಲು ಟಿಕೆಟ್ ಇಲ್ಲ.

ಊರಿಡೀ ಕೊಳೆತ ಮೊಟ್ಟೆಯ ನಾತ. ಅದು ಹೈಡ್ರೋಜನ್ ಸಲ್ಫೈಡ್. ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಕೊಳ್ಳುವುದರಿಂದ ನಾತ ಹೋಯಿತೆಂದರೆ ಅನಿಲವೂ ಹೋಯಿತು ಅಂತಲ್ಲ. ರೂಮಿನ ಕಿಟಕಿ ಸ್ವಲ್ಪ ತೆರೆದಿರಲಿ, ಉಬ್ಬಸದ ಮಕ್ಕಳ ಇನ್ಹೇಲರ್ ಕೈಚೀಲದಲ್ಲಿರಲಿ. ಹೊರಡುವ ಮುಂಚೆ ಕೂಸಿನ ಬೆಳ್ಳಿ ಉಡುದಾರ, ಕಾಲ್ಗೆಜ್ಜೆ ಬಿಚ್ಚಿಡಿ. ಅಲ್ಲಿ ಬೆಳ್ಳಿ ಕಬ್ಬಿಣದ ಹಾಗೆ ಕರ್ರಗಾಗುತ್ತದೆ, ಆಮೇಲೆ ದೃಷ್ಟಿ ತಗುಲಿತು ಅಂತ ಅಜ್ಜಿ ನೀವಾಳಿಸಲು ಶುರು ಮಾಡುತ್ತಾರೆ. ಆಗಿಹೋಗಿದ್ದರೆ ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತೆ ಇಟ್ಟು, ಒಂದು ಚಮಚ ಅಡಿಗೆ ಸೋಡಾ ಉದುರಿಸಿ ಬಿಸಿನೀರು ಹೊಯ್ಯಿರಿ. ಕಪ್ಪು ಫಾಯಿಲ್‌ಗೆ ಹೋಗುತ್ತದೆ, ಬೆಳ್ಳಿ ಸವೆಯುವುದಿಲ್ಲ.

ಕಾರಿನಲ್ಲಿ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳುವ ಹಾಗಿಲ್ಲ. ಏಳು ವರ್ಷ ತುಂಬುವ ತನಕ ಮಕ್ಕಳ ಸೀಟು ಕಾನೂನಿನ ಪ್ರಕಾರ ಕಡ್ಡಾಯ, ಬಾಡಿಗೆ ಕಾರು ಹಿಡಿಯುವಾಗಲೇ ಕೇಳಿಟ್ಟುಕೊಳ್ಳಿ. ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡಿದ್ದರೆ ವಿಮಾನ ನಿಲ್ದಾಣದ ಫಾರಂನಲ್ಲಿ ‘ಆಹಾರ ಇದೆ’ ಎಂದೇ ಬರೆಯಿರಿ, ಬಿಡುವುದು ಬಿಡದಿರುವುದು ಅಧಿಕಾರಿಗೆ ಸೇರಿದ್ದು. ಮುಚ್ಚಿಟ್ಟರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ ಬೀಳಬಹುದು. ಜೇನುತುಪ್ಪ, ಹಣ್ಣು, ಪೇಡೆ ಮನೆಯಲ್ಲೇ ಬಿಡಿ. ವಾಕರೆವಾರೆವಾ ಹಳ್ಳಿಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ ಬಿಸಿ ಬುಗ್ಗೆಯಲ್ಲೇ ಬೇಯಿಸಿದ ಮೆಕ್ಕೆಜೋಳ ಮಾರುತ್ತಾರೆ, ಸಸ್ಯಾಹಾರಿಗಳ ಮಕ್ಕಳಿಗೂ ಹೊಟ್ಟೆ ತುಂಬುತ್ತದೆ.

ಬಿಸಿ ಕೊಳಕ್ಕೆ ಇಳಿದ ಎರಡು ವಾರದೊಳಗೆ ಮಗುವಿಗೆ ಜ್ವರ, ಜೋರು ತಲೆನೋವು, ವಾಂತಿ, ಕತ್ತು ಬಿಗಿತ ಕಂಡರೆ, ಅಷ್ಟು ಹೊತ್ತಿಗೆ ಬಳ್ಳಾರಿಗೆ ವಾಪಸ್ ಬಂದಿದ್ದರೂ, ಡಾಕ್ಟರ ಮುಂದೆ ಮೊದಲು ಹೇಳಬೇಕಾದದ್ದು ಆ ಕೊಳದ ವಿಷಯ. ನೀವು ಹೇಳದಿದ್ದರೆ ಅವರಿಗೆ ಅದು ಹೊಳೆಯುವ ಸಾಧ್ಯತೆ ಕಡಿಮೆ.