ಸವೆದ ಸೋಪು

ಬೆಳಿಗ್ಗೆ ಸ್ನಾನದ ನಡುವೆ ಸೋಪು ಮುರಿಯಿತು. ಮುರಿಯಿತು ಅನ್ನುವಷ್ಟು ಗಾತ್ರವೇನೂ ಅದಕ್ಕೆ ಉಳಿದಿರಲಿಲ್ಲ. ಕಾಗದದಂತೆ ತೆಳ್ಳಗಾದ ಒಂದು ಚೂರು. ಅರ್ಧ ಕಂಕುಳಲ್ಲಿ ಅಂಟಿಕೊಂಡಿತು. ಇನ್ನರ್ಧ ಜಾರಿ ಹೋಗಿ ನೀರು ಇಳಿಯುವ ಜಾಲರಿಯ ಬಾಯಲ್ಲಿ ಕೂತಿತು. ಕಣ್ಣಲ್ಲಿ ನೊರೆ. ಬಗ್ಗಿ ತಡಕಾಡಿದೆ. ಸಿಕ್ಕಿದ್ದು ಕೂದಲಿನ ಉಂಡೆ.

ಹಾಳಾಗಿ ಹೋಗಲಿ ಅಂತ ಬಿಡಬಹುದಿತ್ತು. ಬಿಡಲಿಲ್ಲ, ಉಗುರಿನಿಂದ ಕೆರೆದು ತೆಗೆದೆ. ಯಾಕೆಂದರೆ ಬಚ್ಚಲಿನ ಕಿಟಕಿಯಲ್ಲಿ ಒಂದು ಡಬ್ಬವಿದೆ. ಅದರೊಳಗೆ ಇಂಥ ಚೂರುಗಳಿವೆ. ಬಹಳ ಇವೆ.

ಈ ಡಬ್ಬಕ್ಕೆ ಕಾರಣ ನಮ್ಮ ಭಾವ. ಅಕ್ಕನ ಗಂಡ, ಒಳ್ಳೆಯವರು. ಆದರೆ ದಿನಾ ಬೆಳಿಗ್ಗೆ ನನ್ನ ಫೋನಿಗೆ ಒಂದು ಟಿಪ್ ಕಳಿಸುತ್ತಾರೆ. ಎಲ್ಲವೂ ಉಳಿತಾಯದ ಟಿಪ್ಪುಗಳೇ. ಹಳೆ ಟೂತ್‌ಬ್ರಷ್ ಎಸೆಯಬೇಡಿ, ನಲ್ಲಿಯ ಸಂದಿ ಉಜ್ಜಲು ಬೇಕಾಗುತ್ತೆ. ಒಂಟಿಯಾದ ಕಾಲುಚೀಲ ಎಸೆಯಬೇಡಿ, ಕೈಗೆ ಹಾಕಿಕೊಂಡು ಧೂಳು ಒರೆಸಿ. ತರಕಾರಿ ಸಿಪ್ಪೆ ಎಸೆಯಬೇಡಿ, ಫ್ರೀಜರಿನಲ್ಲಿಡಿ, ಸೂಪಿಗೆ ಬರುತ್ತೆ. ನಮ್ಮ ಮನೆಯಲ್ಲಿ ಈಗ 11 ಹಳೆ ಬ್ರಷ್ಷುಗಳಿವೆ. ನಲ್ಲಿ ಇರುವುದು ಮೂರು. ಇನ್ನು ಆ ಸಿಪ್ಪೆಗಳು. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಹಾಗಂತ ಎಲ್ಲವೂ ಸಾಯುವುದೂ ಇಲ್ಲ, ಸುಮ್ಮನೆ ಕಾಯುತ್ತಾ ಕೂತಿರುತ್ತವೆ. ನಮ್ಮ ಸಿಪ್ಪೆಗಳೂ ಅವುಗಳ ಜೊತೆ ಕಾಯುತ್ತಿವೆ. ಎರಡು ಸಲ ಸೂಪಾಗುವ ಯೋಗ ಬಂದಿತ್ತು, ತಪ್ಪಿತು.

ಉಳಿತಾಯದ ಬಗ್ಗೆ ನನಗೆ ಒಂದು ದೊಡ್ಡ ಮಾತು ಹೊಳೆದಿದೆ. ಅದನ್ನು ಹೇಳಲೆಂದೇ ಇದನ್ನು ಬರೆಯಲು ಕೂತದ್ದು. ಅದಕ್ಕೂ ಮೊದಲು ಸೋಪಿನ ಕತೆಯನ್ನು ಚುಟುಕಾಗಿ ಮುಗಿಸಿಬಿಡುತ್ತೇನೆ.

ಟಿಪ್ ಮೂರೇ ಸಾಲಿನದು. ಸವೆದ ಸೋಪುಗಳನ್ನು ತುರಿಯಿರಿ. ಸ್ವಲ್ಪ ನೀರು ಹಾಕಿ ಕರಗಿಸಿ. ಅಚ್ಚಿಗೆ ಹೊಯ್ಯಿರಿ. ಕೆಳಗೆ ಚಪ್ಪಾಳೆ ತಟ್ಟುವ ಎರಡು ಕೈ.

ಒಂದು ಭಾನುವಾರ ಡಬ್ಬ ಇಳಿಸಿ ತುರಿಯಲು ಕೂತೆ. ಒಣಗಿದ ಸೋಪನ್ನು ತುರಿದರೆ ಅದು ತುರಿಯಾಗುವುದಿಲ್ಲ, ಪುಡಿಯಾಗಿ ಹಾರುತ್ತೆ. ಹಾರಿದ್ದು ಮೂಗಿಗೆ ಹೋಗುತ್ತೆ. ನಾನು ಸೀನಿದೆ. ಸೀನಿದ್ದಕ್ಕೆ ಇನ್ನಷ್ಟು ಹಾರಿತು. ಗುಲಾಬಿ ಬಣ್ಣದ್ದು, ಹಸಿರು, ಬಿಳಿ, ಕೂದಲು ಅಂಟಿದ್ದು, ಎಲ್ಲವನ್ನೂ ಒಂದು ಅಲ್ಯೂಮಿನಿಯಂ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟೆ.

ಬೆಣ್ಣೆಯ ಹಾಗೆ ಕರಗುತ್ತೆ ಅಂದುಕೊಂಡಿದ್ದೆ. ಮೈಗೆ ಹಚ್ಚುವ ಸೋಪು ಹಾಗೆಲ್ಲ ಕರಗುವ ಆಸಾಮಿಯಲ್ಲ. ನೀರು ಕುಡಿದು ಉಬ್ಬುತ್ತೆ, ಲೋಳೆಯಾಗುತ್ತೆ, ಸೌಟಿಗೆ ಮೆತ್ತಿಕೊಂಡು ಬಿಡದೇ ಜಗ್ಗುತ್ತೆ. ಇನ್ನೊಂದು ಲೋಟ ನೀರು ಹಾಕಿದೆ. ಗಂಟು ಒಡೆಯಲೆಂದು ಜೋರಾಗಿ ಕಲಕಿದೆ. ಸೋಪಿನ ನೀರನ್ನು ಜೋರಾಗಿ ಕಲಕಿದರೆ ಏನಾಗುತ್ತೆ ಅನ್ನುವುದು ಚಿಕ್ಕ ಮಗುವಿಗೂ ಗೊತ್ತು. ನನಗೆ ಆ ಹೊತ್ತಿಗೆ ನೆನಪಾಗಲಿಲ್ಲ. ನೊರೆ ಉಕ್ಕಿತು. ಒಲೆ ಆರಿತು. ಬರ್ನರಿನ ತೂತುಗಳಿಗೆಲ್ಲ ಇಳಿಯಿತು.

ನನ್ನಾಕೆ ಬಾಗಿಲಲ್ಲಿ ನಿಂತು ಕೇಳಿದಳು, "ರೀ, ಇದರಲ್ಲಿ ಎಷ್ಟು ಸೋಪಾಗುತ್ತೆ?"

"ಆರಾಗಬಹುದು."

"ಅಂಗಡೀಲಿ ಸೋಪು ಸಿಗ್ತಿಲ್ವಾ?"

ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಆದರೆ ಬಾಯಲ್ಲಿ ಸೋಪಿನ ಪುಡಿ ಇತ್ತು.

ಅಚ್ಚು ಎಲ್ಲಿಂದ ತರುವುದು? ಐಸ್ ಟ್ರೇ ಕಂಡಿತು. ಅದಕ್ಕೇ ಹೊಯ್ದೆ. ಮೇಲೆ ಕೈಯಿಂದ ತಟ್ಟಿ ನಯ ಮಾಡಿದೆ. ನಾಲ್ಕು ದಿನ ಅದನ್ನು ಹೊಸ ಮಗುವಿನ ಹಾಗೆ ನೋಡಿಕೊಂಡೆ. ಒಣಗುತ್ತಾ ಬಂದ ಹಾಗೆ ಅದು ಕುಗ್ಗಿತು. ನೀರು ಆರಿದರೆ ಕುಗ್ಗಲೇಬೇಕಲ್ವಾ. ಕುಗ್ಗಿದ ಮೇಲೆ ಬಿರಿಯಿತು. ಬಿರಿದದ್ದೂ ಹೇಗೆ, ಬಣ್ಣ ಬಣ್ಣಕ್ಕೆ ಬೇರೆಯಾಗಿ. ಆಮೇಲೆ ಗೊತ್ತಾಯಿತು, ನಾನು ಕೂಡಿಹಾಕಿದ್ದರಲ್ಲಿ ಕೆಲವು ಸೋಪೇ ಅಲ್ಲವಂತೆ. ಕೊಬ್ಬು ಅಥವಾ ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ್ದು ಸೋಪು. ಸೋಪಿನ ವೇಷದಲ್ಲಿ ಬರುವ ಎಷ್ಟೋ ಬಾರುಗಳು ಡಿಟರ್ಜೆಂಟಿನವು, ಹುಟ್ಟೇ ಬೇರೆ. ನಾನು ಅವನ್ನು ಒಂದೇ ಪಾತ್ರೆಗೆ ತಳ್ಳಿ ಸಂಸಾರ ಮಾಡಿ ಅಂದಿದ್ದೆ.

ಪಾತ್ರೆಯ ಒಳಗೆ ಕಪ್ಪು ಹಿಡಿಯಿತು. ಕ್ಷಾರ ತಾಗಿದರೆ ಅಲ್ಯೂಮಿನಿಯಂ ಕಪ್ಪಾಗುತ್ತೆ, ಇದೂ ಆ ಮೂರು ಸಾಲಿನಲ್ಲಿ ಇರಲಿಲ್ಲ. ಅದನ್ನು ತೊಳೆಯಲು ಕೂತೆ. ಸೋಪು ಮೆತ್ತಿದ ಪಾತ್ರೆಯನ್ನು ಉಜ್ಜಿದಷ್ಟೂ ನೊರೆ. ನೀರು ಹಾಕಿದಷ್ಟೂ ನೊರೆ. ಒಂದು ಗಂಟೆ ನಲ್ಲಿ ಹರಿಯಿತು. ಐಸ್ ಟ್ರೇಗೆ ಹತ್ತಿದ ಪರಿಮಳ ಇನ್ನೂ ಹೋಗಿಲ್ಲ. ಬೇಸಿಗೆಯಲ್ಲಿ ಬಂದ ನೆಂಟರೊಬ್ಬರು ಶರಬತ್ತು ಕುಡಿದು "ಏನೋ ಹೂವಿನ ವಾಸನೆ, ಚೆನ್ನಾಗಿದೆ" ಅಂದರು. ನಾನು ಸುಮ್ಮನಿದ್ದೆ.

ಎಲ್ಲಾ ಟಿಪ್ಪುಗಳೂ ಸುಳ್ಳಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ಬಾಡಿದ ಸೊಪ್ಪನ್ನು ತಣ್ಣೀರಲ್ಲಿಟ್ಟರೆ ನೀರು ಹೀರಿ ನೆಟ್ಟಗಾಗುತ್ತೆ. ಹಣ್ಣಾದ ಬಾಳೆಹಣ್ಣಿನ ಜೊತೆ ಇಟ್ಟ ಕಾಯಿ ಬೇಗ ಹಣ್ಣಾಗುತ್ತೆ, ಅದು ಬಿಡುವ ಎಥಿಲೀನ್ ಅನಿಲದಿಂದ. ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟರೆ ಬೂಸ್ಟು ತಡವಾಗಿ ಬರುತ್ತೆ ನಿಜ, ಆದರೆ ಹೊರಗಿಟ್ಟದ್ದಕ್ಕಿಂತ ಬೇಗ ಒರಟಾಗುತ್ತೆ. ಇಂಥವು ಕೆಲಸಕ್ಕೆ ಬರುತ್ತವೆ.

ನನಗೆ ಸಿಟ್ಟು ಬರುವುದು ಅಡುಗೆ ಸೋಡಾ ಮತ್ತು ವಿನೆಗರ್ ಜೋಡಿ ಕಂಡರೆ. ಎರಡನ್ನೂ ಬೆರೆಸಿ, ಬುಸ್ಸೆಂದು ನೊರೆ ಬರುತ್ತೆ, ಕೊಳೆ ಮಾಯ! ನೊರೆ ಬರುತ್ತೆ, ಸರಿ. ಅದು ಕಾರ್ಬನ್ ಡೈಆಕ್ಸೈಡ್. ಒಂದು ಹುಳಿ, ಇನ್ನೊಂದು ಕ್ಷಾರ. ಎರಡೂ ಒಂದರ ಕಸುವನ್ನು ಇನ್ನೊಂದು ತಿಂದುಹಾಕಿ, ಕೊನೆಗೆ ಉಳಿಯುವುದು ಸೋಡಿಯಂ ಅಸಿಟೇಟ್ ಬೆರೆತ ನೀರು. ಬೇರೆ ಬೇರೆ ಬಳಸಿದ್ದರೆ ಸೋಡಾ ತಳ ಹಿಡಿದ ಪಾತ್ರೆಯನ್ನು ಉಜ್ಜುತ್ತಿತ್ತು, ವಿನೆಗರ್ ಕೆಟಲಿನ ಬಿಳಿ ಕರೆಯನ್ನು ಬಿಡಿಸುತ್ತಿತ್ತು. ಬೆರೆಸಿದ್ದರಿಂದ ಎರಡೂ ದಂಡ. ಆದರೆ ಜನಕ್ಕೆ ಬುಸ್ಸೆನ್ನಬೇಕು. ಸದ್ದಿಲ್ಲದೆ ಕೆಲಸ ಮಾಡುವುದನ್ನು ಯಾರು ನಂಬುತ್ತಾರೆ?

ಅದಾದರೂ ಬರೀ ದಂಡ. ಅದೇ ವಿನೆಗರನ್ನು ಬ್ಲೀಚ್ ಜೊತೆ ಬೆರೆಸಿ ಅಂತ ಒಂದು ಬಂದಿತ್ತು, "ಡಬಲ್ ಪವರ್" ಅಂತೆ. ಅದರಿಂದ ಕ್ಲೋರಿನ್ ಅನಿಲ ಬರುತ್ತೆ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಬಿಟ್ಟಿದ್ದು ಇದೇ ಅನಿಲ. ಭಾವನಿಗೆ ಫೋನ್ ಮಾಡಿ ಹೇಳಿದೆ. "ಕಿಟಕಿ ತೆಗೆದಿಟ್ಟರೆ ಆಯ್ತು ಬಿಡೋ" ಅಂದರು. ಆಗಲ್ಲ ಭಾವ.

ಮತ್ತೆ ಬೆಕ್ಕು. ಚಿಗಟಕ್ಕೆ ಬೆಳ್ಳುಳ್ಳಿ ತಿನ್ನಿಸಿ, ನೈಸರ್ಗಿಕ, ಖರ್ಚಿಲ್ಲ. ಬೆಳ್ಳುಳ್ಳಿ, ಈರುಳ್ಳಿ ಎರಡೂ ಬೆಕ್ಕು ನಾಯಿಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಅದರಲ್ಲೂ ಬೆಕ್ಕಿಗೆ ಜಾಸ್ತಿ ಅಪಾಯ. ನೈಸರ್ಗಿಕ ಅಂದ ಕೂಡಲೇ ಒಳ್ಳೆಯದು ಅಂತ ಯಾರು ಹೇಳಿದ್ದು? ಹಾವಿನ ವಿಷವೂ ನೈಸರ್ಗಿಕವೇ. ಇಂಥದ್ದನ್ನು ಮುಂದಕ್ಕೆ ಕಳಿಸುವವರು ಒಂದು ಸಲವಾದರೂ ತಾವೇ ಓದಿರುತ್ತಾರಾ ಅಂತ ನನಗೆ ಅನುಮಾನ. ನಮ್ಮ ಬೆಕ್ಕಿನ ಪುಣ್ಯ, ಅದು ನಾವು ಕೊಟ್ಟ ಯಾವುದನ್ನೂ ಮೊದಲ ಸಲಕ್ಕೆ ತಿನ್ನುವುದಿಲ್ಲ.

ಉಳಿತಾಯ ಗೊತ್ತಿರುವುದು ಬಹುಶಃ ಅದಕ್ಕೊಂದಕ್ಕೇ. ಮೆತ್ತನೆ ಹಾಸಿಗೆ ತಂದುಕೊಟ್ಟೆವು. ಮೂಸಿಯೂ ನೋಡಲಿಲ್ಲ. ಹಾಸಿಗೆ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಮಲಗುತ್ತೆ, ಈಗ ಎರಡು ವರ್ಷವಾಯಿತು.

ನಮ್ಮಮ್ಮ ಸವೆದ ಸೋಪಿಗೆ ಏನೂ ಮಾಡುತ್ತಿರಲಿಲ್ಲ. ರಾತ್ರಿ ಒದ್ದೆ ಚೂರನ್ನು ಒದ್ದೆ ಹೊಸ ಸೋಪಿನ ಬೆನ್ನಿಗೆ ಒತ್ತಿ ಬಿಡುತ್ತಿದ್ದರು. ಬೆಳಿಗ್ಗೆ ಅಂಟಿರುತ್ತಿತ್ತು. ಅದನ್ನು ಅವರು ಟಿಪ್ ಅಂತ ಕರೆದದ್ದು ನಾನು ಕೇಳಿಲ್ಲ, ಯಾರಿಗೂ ಹೇಳಿದ್ದೂ ಇಲ್ಲ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಡಬ್ಬ ತುಂಬಿಸಿದೆ. ಯಾಕೆ ಅಂತ ಕೇಳಬೇಡಿ.

ಹಾಂ, ಆ ದೊಡ್ಡ ಮಾತು. ಅದು ಹೊಳೆದದ್ದು ಇವತ್ತು ಬೆಳಿಗ್ಗೆ ಬಚ್ಚಲಲ್ಲೇ, ಬಗ್ಗಿ ಜಾಲರಿ ಕೆರೆಯುವುದಕ್ಕೆ ಸ್ವಲ್ಪ ಮುಂಚೆ. ಬಗ್ಗಿ ಏಳುವಷ್ಟರಲ್ಲಿ ಎಲ್ಲೋ ಹೋಯಿತು. ಸೊಂಟ ಹಿಡಿದದ್ದು ಮಾತ್ರ ಉಳಿಯಿತು.

ಇಷ್ಟು ಬರೆಯುವಾಗ ಫೋನು ಕುಯ್ಯೆಂದಿತು. ಭಾವ. "ಒಂಟಿ ಕಾಲುಚೀಲದೊಳಗೆ ಸವೆದ ಸೋಪಿನ ಚೂರು ತುಂಬಿ ಬಾಯಿಗೆ ಗಂಟು ಹಾಕಿ. ಮೈ ಉಜ್ಜಲು ಬಹಳ ಚೆನ್ನಾಗಿರುತ್ತೆ."

ಒಂಟಿ ಕಾಲುಚೀಲ ನಮ್ಮಲ್ಲಿ ಏಳಿವೆ. ಡಬ್ಬವಂತೂ ತುಂಬಿದೆ. ಇವಳಿಗೆ ಇನ್ನೂ ಹೇಳಿಲ್ಲ. ಭಾನುವಾರ ಅವಳು ತಂಗಿಯ ಮನೆಗೆ ಹೋಗುತ್ತಾಳೆ.