ಮೀನು ಬದುಕಿದೆ ಅಂದ್ರೆ ನೀರು ಚೆನ್ನಾಗಿದೆ ಅಂತಲ್ಲ

ಕೆರೆಯಲ್ಲಿ ಮೀನು ಸತ್ತು ತೇಲಿದಾಗಲೆಲ್ಲ ಒಂದೇ ಉತ್ತರ ಸಿಗುತ್ತದೆ, "ನೀರಲ್ಲಿ ಆಕ್ಸಿಜನ್ ಕಡಿಮೆಯಾಗಿತ್ತು." 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತಾಗಲೂ ಈ ಮಾತು ಬಂತು. ಸುಳ್ಳೇನಲ್ಲ. ಆದರೆ ಆಕ್ಸಿಜನ್ ತಾನಾಗೇ ಎದ್ದು ಹೋಯಿತು ಅನ್ನೋ ಹಾಗೆ ಹೇಳುತ್ತಾರಲ್ಲ, ಅದಕ್ಕೆ ನನಗೆ ಸಿಟ್ಟು.

ರಾಜಕಾಲುವೆಯಲ್ಲಿ ಹರಿದು ಬಂದ ಕೊಳಚೆಯನ್ನು ಬ್ಯಾಕ್ಟೀರಿಯಾ ಕೊಳೆಸಬೇಕು, ಅದಕ್ಕೆ ಆಕ್ಸಿಜನ್ ಬೇಕು. ಅದೇ ಕೊಳಚೆ ಉಂಡು ಕೊಬ್ಬಿದ ಪಾಚಿ ಹಗಲು ಆಕ್ಸಿಜನ್ ಕೊಡುತ್ತದೆ, ರಾತ್ರಿ ತಾನೂ ಉಸಿರಾಡಿ ಖಾಲಿ ಮಾಡುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುವುದು ಇದಕ್ಕೇ. 25 ಡಿಗ್ರಿಯ ಒಳ್ಳೆ ನೀರಲ್ಲೂ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಕ್ಸಿಜನ್ ಅಷ್ಟೇ ಕರಗಿರುತ್ತದೆ. ಕಟ್ಲಾ, ರೋಹು ಚೆನ್ನಾಗಿರಬೇಕಾದರೆ 5 ಆದರೂ ಬೇಕು.

ಕೊಳಚೆ ಕೊಳೆತಾಗಲೂ ಮೀನಿನ ಮೈಯಲ್ಲೂ ಹುಟ್ಟುವ ವಿಷ ಅಮೋನಿಯಾ, ಅದರ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಮೀನು ತನ್ನ ಮೈಯ ಅಮೋನಿಯಾವನ್ನು ಬಹುಪಾಲು ಕಿವಿರಿನಿಂದಲೇ ಹೊರಗೆ ಬಿಡುತ್ತದೆ. ರಕ್ತದಲ್ಲಿ ಜಾಸ್ತಿ, ನೀರಲ್ಲಿ ಕಡಿಮೆ ಇದ್ದರೆ ಅದು ಸಲೀಸಾಗಿ ಹೋಗುತ್ತದೆ. ಕೆರೆ ತುಂಬಾ ಅಮೋನಿಯಾನೇ ಇದ್ದರೆ? ಒಳಗಿನದು ಒಳಗೇ ಉಳಿದು ಮಿದುಳಿಗೆ ಏರುತ್ತದೆ. ಮೀನು ಅದುರಿ, ಗಿರಗಿರ ಸುತ್ತಿ ಸಾಯುತ್ತದೆ. ಇಲ್ಲೂ ಪಾಚಿಯ ಕೈವಾಡ ಇದೆ. ಬಿಸಿಲಲ್ಲಿ ಅದು ನೀರಿನ ಪಿಎಚ್, ಅಂದರೆ ನೀರು ಎಷ್ಟು ಹುಳಿ ಎಷ್ಟು ಕ್ಷಾರ ಅನ್ನೋ ಅಳತೆಯನ್ನು, ಕ್ಷಾರದ ಕಡೆಗೆ ಏರಿಸುತ್ತದೆ. ಪಿಎಚ್ 7 ಇದ್ದಾಗ ಅಮೋನಿಯಾದ ವಿಷದ ರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ, 9 ಮುಟ್ಟಿದರೆ ಹತ್ತಿರ ಹತ್ತಿರ ಮೂರನೇ ಒಂದು ಪಾಲು. ಅಂದರೆ ರಾತ್ರಿ ಉಸಿರು ಕಟ್ಟುತ್ತದೆ, ಮಧ್ಯಾಹ್ನ ವಿಷ ಏರುತ್ತದೆ.

ಅಮೋನಿಯಾವನ್ನು ಬ್ಯಾಕ್ಟೀರಿಯಾ ಬದಲಿಸಿದಾಗ ಬರುವ ನೈಟ್ರೈಟ್ ಹೆಚ್ಚಾದರೆ ಮೀನಿನ ರಕ್ತವೇ ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ನೀರಲ್ಲಿ ಆಕ್ಸಿಜನ್ ಇದ್ದರೂ ರಕ್ತ ಅದನ್ನು ಹೊರಲಾರದು. ನೀರಿಗೆ ಗಾಳಿ ಬೆರೆಸುವ ಏರೇಟರ್ ಹಾಕಿದರೆ ಎಲ್ಲ ಸರಿಹೋಗುತ್ತೆ ಅನ್ನೋರು ಇದನ್ನು ಸ್ವಲ್ಪ ಯೋಚಿಸಲಿ.

"ಇಂಥ ಕೆರೆಗಳಲ್ಲಿ ಈಗಲೂ ಮೀನು ಹಿಡೀತಾರಲ್ವಾ?" ಅಂತ ಕೇಳುವವರಿದ್ದಾರೆ. ಯಾವ ಮೀನು ಅಂತ ನೋಡಿ ಸ್ವಾಮಿ. ಆಫ್ರಿಕನ್ ಕ್ಯಾಟ್‌ಫಿಶ್‌ಗೆ ಕಿವಿರಿನ ಮೇಲೆ ಗಾಳಿಯನ್ನೇ ಉಸಿರಾಡುವ ಅಂಗ ಇದೆ. ನಮ್ಮಲ್ಲಿ ಸಾಕೋದಕ್ಕೆ ನಿಷೇಧ ಇರುವ ಮೀನು ಅದು, ಕೊಳಚೆಯಲ್ಲಿ ಆರಾಮಾಗಿರುತ್ತದೆ. ಸಾಯದೆ ಉಳಿದ ಬೇರೆ ಮೀನುಗಳ ಕಿವಿರು ದಪ್ಪಗಾಗಿ ಲೋಳೆ ಕಟ್ಟುತ್ತದೆ. ತಿಂದದ್ದೆಲ್ಲ ಉಸಿರಾಟಕ್ಕೇ ಖರ್ಚು, ಬೆಳವಣಿಗೆ ಇಲ್ಲ, ಮೊಟ್ಟೆ ಕಡಿಮೆ.

ಹಾಗಾಗಿ ಕೆರೆ ನೋಡಿಕೊಳ್ಳುವವರೇ, ಮುಂದಿನ ಸಲ ಮೀನು ಸತ್ತಾಗ ಒಂದೇ ಹೊತ್ತಿನ ಸ್ಯಾಂಪಲ್ ತೋರಿಸಿ ಕೈತೊಳೆದುಕೊಳ್ಳಬೇಡಿ. ಬೆಳಗಿನ ಜಾವದ ಆಕ್ಸಿಜನ್, ಮಧ್ಯಾಹ್ನದ ಪಿಎಚ್, ಅಮೋನಿಯಾ, ನೈಟ್ರೈಟ್ ಎಲ್ಲ ಕೊಡಿ. ಸತ್ತ ಮೀನಿನ ಕಿವಿರು ಬಿಚ್ಚಿ ನೋಡಿದವರು ಯಾರು ಅಂತಲೂ ಹೇಳಿ.