19ನೇ ಗೇಟು ಮತ್ತು ಉಳಿದ 32

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟು (ಅಣೆಕಟ್ಟಿನ ನೆತ್ತಿಯಲ್ಲಿ ಹೆಚ್ಚಾದ ನೀರು ಬಿಡುವ ಗೇಟು) ಚೈನು ತುಂಡಾಗಿ ನೀರಿನಲ್ಲಿ ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಆ ನೀರನ್ನೇ ನಂಬಿದ ಗಂಗಾವತಿಯ ನಮ್ಮೆಲ್ಲರ ಮೊಬೈಲಿಗೆ ಬಂದಿದ್ದದ್ದು ಒಂದೇ ವಿಡಿಯೊ: ಸಾಲಾಗಿ ನಿಂತ ಗೇಟುಗಳ ನಡುವೆ ಒಂದು ಕಂಡಿಯಿಂದ ಮಾತ್ರ ಹುಚ್ಚೆದ್ದು ನುಗ್ಗುತ್ತಿದ್ದ ಕೆಂಪು ನೀರು. ನಾಟಿ ಹಚ್ಚಿದ ಗದ್ದೆಗಳನ್ನು ನೆನೆದು ನನಗೂ ಎದೆ ಝಲ್ಲೆಂದಿತು. ಎರಡು ದಿನ ಕಳೆಯುವುದರೊಳಗೆ ಅದೇ ವಿಡಿಯೊಗೆ ಎರಡು ಬಗೆಯ ತಲೆಬರಹಗಳು ಹುಟ್ಟಿಕೊಂಡವು. ರಾಜ್ಯ ಸರ್ಕಾರದ ನಿರ್ಲಕ್ಷ್ಯಕ್ಕೆ ಇದೇ ಸಾಕ್ಷಿ ಎಂದು ಒಂದು ಕಡೆಯವರು, ಅಣೆಕಟ್ಟು ನೋಡಿಕೊಳ್ಳುವ ತುಂಗಭದ್ರಾ ಮಂಡಳಿಗೆ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರವಾದ್ದರಿಂದ ಕೇಂದ್ರದ ನಿರ್ಲಕ್ಷ್ಯಕ್ಕೆ ಇದೇ ಸಾಕ್ಷಿ ಎಂದು ಇನ್ನೊಂದು ಕಡೆಯವರು ಹಂಚತೊಡಗಿದರು. ಉಳಿದ 32 ಗೇಟುಗಳು ಹೇಗಿವೆ ಎಂದು ಕೇಳಿದವರು ನಮ್ಮ ಗುಂಪುಗಳಲ್ಲಿ ಬಹಳ ಕಡಿಮೆ.

ಆ ಪ್ರಶ್ನೆಗೆ ಉತ್ತರ ವಿಡಿಯೊದಲ್ಲಿ ಇರಲಿಲ್ಲ. ತಜ್ಞರು ಬಂದು, ಏಳು ದಶಕ ನೀರಿನಲ್ಲಿ ನಿಂತು ಸವೆದ ಉಕ್ಕಿನ ದಪ್ಪವನ್ನು ಅಳೆದ ಮೇಲೆಯೇ ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂಬ ಮಾತು ಗಟ್ಟಿಯಾಯಿತು. 105 ಟಿಎಂಸಿ ಹಿಡಿಯಬಲ್ಲ ಜಲಾಶಯದಲ್ಲಿ 2025ರ ಮಳೆಗಾಲದಲ್ಲಿ ಸುಮಾರು 80 ಟಿಎಂಸಿಯಷ್ಟೇ ನಿಲ್ಲಿಸಲಾಯಿತು; ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಯ ನೀರನ್ನೇ ನಾವು ಬಿಟ್ಟುಕೊಡಬೇಕಾಯಿತು. ಮುರಿದ ಒಂದು ಗೇಟು ಉಳಿದವನ್ನು ಪರೀಕ್ಷಿಸಲು ಬಲವಾದ ಕಾರಣವಾಗಿತ್ತು, ಆದರೆ ಉಳಿದವು ಹೇಗಿವೆ ಎಂಬುದಕ್ಕೆ ಅದೊಂದೇ ಪುರಾವೆಯಾಗಿರಲಿಲ್ಲ. ಒಂದು ವೇಳೆ ಪರೀಕ್ಷೆಯಲ್ಲಿ 32 ಗೇಟುಗಳೂ ಗಟ್ಟಿಯಾಗಿವೆ ಎಂದು ಬಂದಿದ್ದರೂ ಆ ವಿಡಿಯೊ ನಮ್ಮನ್ನು ಅಷ್ಟೇ ನಡುಗಿಸುತ್ತಿತ್ತು.

ಈ ಮಾತು ಹೇಳಿದಾಗಲೆಲ್ಲ ಗೆಳೆಯರು ಗಾದೆಯನ್ನು ಮುಂದಿಡುತ್ತಾರೆ: ಅನ್ನ ಬೆಂದಿದೆಯೋ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಲದೇ? ಭತ್ತದ ಸೀಮೆಯವನಾದ ನಾನು ಈ ಗಾದೆಯನ್ನು ಅಲ್ಲಗಳೆಯಲಾರೆ. ಆದರೆ ಅದು ನಿಜವಾಗುವುದು ಪಾತ್ರೆಯೊಳಗಿನ ಅಗುಳೆಲ್ಲ ಒಂದೇ ಅಕ್ಕಿಯದಾಗಿ, ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿರುವುದರಿಂದ. ಹಿಚುಕುವ ಅವ್ವನೂ ಸೌಟಿಗೆ ಸಿಕ್ಕ ಅಗುಳನ್ನು ತೆಗೆಯುತ್ತಾಳೆಯೇ ಹೊರತು ತನಗೆ ಬೇಕಾದ ಅಗುಳನ್ನು ಹುಡುಕುವುದಿಲ್ಲ. ರಾಜಕೀಯದ ಮಾತಿನಲ್ಲಿ ಇವೆರಡೂ ಇರುವುದಿಲ್ಲ. ಕೋಟಿಗಟ್ಟಲೆ ಜನರ ಬದುಕು ಒಂದೇ ಉರಿಯಲ್ಲಿ ಬೇಯುವುದಿಲ್ಲ, ಮತ್ತು ವಾದ ಮಾಡುವವನು ಮೊದಲೇ ತೀರ್ಮಾನ ಮಾಡಿಕೊಂಡು ಅದಕ್ಕೆ ಒಪ್ಪುವ ಅಗುಳನ್ನು ಪಾತ್ರೆಯ ತಳದವರೆಗೂ ಕೆದಕಿ ತೆಗೆಯುತ್ತಾನೆ.

2023ರ ಜೂನ್ 11ರಂದು ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದಾಗಿನಿಂದ ಇದನ್ನು ದಿನವೂ ನೋಡುತ್ತಿದ್ದೇನೆ. ಸೀಟಿಗಾಗಿ ಇಬ್ಬರು ಹೆಂಗಸರು ಜಗಳವಾಡಿದ ತುಣುಕನ್ನು ಹಂಚಿ ಯೋಜನೆಯೇ ದಂಡ ಎನ್ನುವವರು ಒಂದು ಕಡೆ. ಸರ್ಕಾರ ಮನೆಯೊಡತಿಗೆ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಗಳನ್ನು ತಿಂಗಳುಗಟ್ಟಲೆ ಕೂಡಿಟ್ಟು ಫ್ರಿಜ್ ತಂದ ತಾಯಿಯ ಕಣ್ಣೀರು ತೋರಿಸಿ ಇನ್ನು ಪ್ರಶ್ನೆಯೇ ಬೇಡ ಎನ್ನುವವರು ಇನ್ನೊಂದು ಕಡೆ. ಜಗಳವೂ ನಿಜ, ಫ್ರಿಜ್ಜೂ ನಿಜ. ಗಂಗಾವತಿ–ಸಿಂಧನೂರು ದಾರಿಯಲ್ಲಿ ಬೆಳಗಿನ ಹೊತ್ತು ಬಸ್ಸುಗಳು ಸಾಲುತ್ತಿವೆಯೇ, ಕೂಲಿಗೆ ಹೋಗುವ ಎಷ್ಟು ಹೆಂಗಸರ ಟಿಕೆಟ್ ದುಡ್ಡು ಉಳಿಯುತ್ತಿದೆ, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಸರ್ಕಾರ ಕೊಡಬೇಕಾದ ಹಣ ವೇಳೆಗೆ ಸರಿಯಾಗಿ ಬರುತ್ತಿದೆಯೇ ಎಂಬುದನ್ನು ಇವೆರಡೂ ತಿಳಿಸುವುದಿಲ್ಲ. ಒಂದು ಕಡೆಯ ತುಣುಕನ್ನು ಶಂಕಿಸಿ ಇನ್ನೊಂದು ಕಡೆಯದನ್ನು ಹಾಗೆಯೇ ನುಂಗುವ ಚಟ ನನಗೂ ಇತ್ತು. ಅದನ್ನು ಬಿಡಿಸಿದ್ದು ನಮ್ಮ ಓಣಿಯ ಒಬ್ಬ ಅವ್ವ.

ಆಕೆ ಮೂವತ್ತು ವರ್ಷ ನಾಟಿ ಹಚ್ಚಿದ ಕೂಲಿಯಾಳು. ಬಲಗೈ ಹೆಬ್ಬೆರಳ ಗೆರೆಗಳು ಸವೆದು ಚರ್ಮ ನುಣುಪಾಗಿದೆ. ಒಂದು ಬೆಳಿಗ್ಗೆ ನ್ಯಾಯಬೆಲೆ ಅಂಗಡಿಯಲ್ಲಿ ಆಕೆ ಹೆಬ್ಬೆರಳನ್ನು ಸೀರೆಯ ಸೆರಗಿಗೆ ಒರೆಸಿ ಒತ್ತಿದಳು, ಎಂಜಲು ಹಚ್ಚಿ ಒತ್ತಿದಳು, ಎಡಗೈಯದನ್ನೂ ಒತ್ತಿದಳು, ಮಷಿನ್ ಒಪ್ಪಲಿಲ್ಲ. ಆಕೆಯ ಗಂಟಲು ಕಟ್ಟಿತು. ಅಷ್ಟರಲ್ಲಿ ಪಕ್ಷವೊಂದರ ಹುಡುಗರು ಅದನ್ನು ಮೊಬೈಲಿನಲ್ಲಿ ಹಿಡಿದು, ಬಡವರ ಅನ್ನ ಕಸಿದ ಸರ್ಕಾರವೆಂದು ಬರೆದು ಹರಿಬಿಟ್ಟರು. ನಾನೂ ಅದನ್ನು ನಾಲ್ಕು ಗುಂಪುಗಳಿಗೆ ಕಳಿಸಿದೆ. ಅದೇ ಸಾಲಿನಲ್ಲಿ ಹೆಬ್ಬೆಟ್ಟು ಬೀಳದ ಇನ್ನಿಬ್ಬರು ಮೊಬೈಲಿಗೆ ಬಂದ ಓಟಿಪಿ ಹೇಳಿ ಅಕ್ಕಿ ಒಯ್ದಿದ್ದರು. ಆಧಾರಿಗೆ ಜೋಡಿಸಿದ ನಂಬರು ಮಗನ ಹಳೆಯ ಸಿಮ್ಮಾದ್ದರಿಂದ ಆಕೆಗೆ ಮಾತ್ರ ಅದು ಒದಗಲಿಲ್ಲ. ಇದನ್ನು ತಿಳಿದುಕೊಳ್ಳಲು ಅಲ್ಲಿ ಹತ್ತು ನಿಮಿಷ ನಿಂತಿದ್ದರೆ ಸಾಕಾಗಿತ್ತು. ನಂಬರು ಬದಲಿಸಲು ಆಕೆಯನ್ನು ಆಧಾರ್ ಕೇಂದ್ರಕ್ಕೆ ಕರೆದೊಯ್ಯಬೇಕೆಂದು ವಿಡಿಯೊ ಮಾಡಿದವರಿಗೂ ತೋಚಲಿಲ್ಲ, ಹಂಚಿದ ನನಗೂ ತೋಚಲಿಲ್ಲ.

ಗೆರೆ ಸವೆದ ಬೆರಳುಗಳು ನಮ್ಮ ತಾಲೂಕಿನಲ್ಲಿ ಎಷ್ಟಿವೆ, ಅವರಲ್ಲಿ ಸರಿಯಾದ ಮೊಬೈಲ್ ನಂಬರು ಇಲ್ಲದವರೆಷ್ಟು ಎಂದು ಅಂಗಡಿವಾರು ಲೆಕ್ಕ ತೆಗೆಯಬೇಕೆಂದು ಈಗ ನಾವು ಕೆಲವರು ಆಹಾರ ಇಲಾಖೆಗೆ ಅರ್ಜಿ ಬರೆಯುತ್ತಿದ್ದೇವೆ. ಲೆಕ್ಕ ಸಿಕ್ಕಾಗ ಅದು ಯಾವ ಪಕ್ಷಕ್ಕೆ ಮುಜುಗರ ತಂದರೂ ಇಲ್ಲಿಯೇ ಹಾಕುತ್ತೇನೆ.

ಆಕೆ ಮೊನ್ನೆ ಮನೆ ಬಾಗಿಲಿಗೆ ಬಂದು, "ತಮ್ಮಾ, ನಾ ಅಳೋದನ್ನ ಬೀಗರು ನೋಡ್ಯಾರಂತ, ಅದನ್ನ ತೆಗಸ್ತೀಯೇನಪ್ಪಾ?" ಎಂದು ಕೇಳಿದಳು. ಆ ವಿಡಿಯೊ ಯಾರ ಮೊಬೈಲಿನಲ್ಲಿದ್ದರೂ ದಯವಿಟ್ಟು ಅಳಿಸಿಬಿಡಿ. ನನ್ನಿಂದ ಪಡೆದವರು ಎಲ್ಲಿಗೆ ಕಳಿಸಿದ್ದೀರೆಂದು ನನಗೆ ತಿಳಿಸಿ, ಅವರನ್ನೂ ನಾನೇ ಕೇಳಿಕೊಳ್ಳುತ್ತೇನೆ.